ಚೆಂಡು ನೋಡಬೇಡ: ಹತ್ತು ಪಂದ್ಯ ಸೋತ ಕಾಲೇಜು ತಂಡಕ್ಕೆ ಕ್ಯಾಮೆರಾ ಹಿಡಿದ ನನ್ನ ಅನುಭವ

ಸೀಸನ್ನಿನ ಮೊದಲ ಪಂದ್ಯ ಮುಗಿಸಿ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆವು. ರಾತ್ರಿ ಹತ್ತು ದಾಟಿತ್ತು. ಊರಲ್ಲಿ ಆಗ ಭಾನುವಾರ ಬೆಳಗ್ಗೆ. ಅಮ್ಮನ ಫೋನ್ ಬಂತು.

"ಏನಾಯ್ತೋ ನಿಮ್ ಮ್ಯಾಚು?"

"ಸೋತ್ವಮ್ಮ. 52ಕ್ಕೆ 6."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಆರು ವಿಕೆಟ್ಟಾ?" ಅಂದಳು.

ವಿಕೆಟ್ ಅಲ್ಲ, ಪಾಯಿಂಟು. ಇದು ಅಮೆರಿಕನ್ ಫುಟ್‌ಬಾಲ್, ಚೆಂಡನ್ನು ಕೈಯಲ್ಲಿ ಹಿಡಿದು ಓಡೋ ಆಟ. ಅವರು ಏಳು ಸಲ ಚೆಂಡನ್ನು ನಮ್ಮ ಗೆರೆ ದಾಟಿಸಿದ್ದರು. ನಾವು ಎರಡು ಸಲ ಕಂಬಗಳ ನಡುವೆ ಒದ್ದು ಮೂರು ಮೂರು ಪಾಯಿಂಟ್ ತಗೊಂಡಿದ್ದೆವು, ಅಷ್ಟೇ. 2024ರ ಆ ಸೀಸನ್ನಿನಲ್ಲಿ ನಮ್ಮ ತಂಡ 12 ಪಂದ್ಯ ಆಡಿ ಎರಡು ಗೆದ್ದಿತು, ಹತ್ತು ಸೋತಿತು. ಹನ್ನೆರಡನ್ನೂ ನಾನು ಶೂಟ್ ಮಾಡಿದೆ. ಟಿ.ವಿ.ಗೆ ಅಲ್ಲ, ಕೋಚ್‌ಗಳಿಗೆ.

ಈ ಕೆಲಸ ನನಗೆ ಸಿಕ್ಕಿದ್ದೇ ಒಂದು ತಮಾಷೆ. ನಾನು ತಿಪಟೂರಿನವನು. ಸೋದರಮಾವನದ್ದು ವಿಡಿಯೋ ಸ್ಟುಡಿಯೋ. ಪಿಯುಸಿಯಿಂದ ಇಂಜಿನಿಯರಿಂಗ್ ಮುಗಿಯೋವರೆಗೂ ಲಗ್ನದ ಸೀಸನ್ ಬಂತು ಅಂದರೆ ನನ್ನ ಹೆಗಲ ಮೇಲೆ ಕ್ಯಾಮೆರಾ. 2023ರಲ್ಲಿ ಎಂ.ಎಸ್. ಮಾಡಲು ಅಮೆರಿಕಕ್ಕೆ ಬಂದೆ. ಮಿಡ್‌ವೆಸ್ಟ್‌ನ ಒಂದು ಸರ್ಕಾರಿ ಯೂನಿವರ್ಸಿಟಿ. ಹೆಸರು ಬೇಡ ಬಿಡಿ, ಸೋತವರ ಹೆಸರು ಹೇಳಿ ಏನಾಗಬೇಕು. ಮೊದಲ ಸೆಮಿಸ್ಟರ್ ಡೈನಿಂಗ್ ಹಾಲಿನಲ್ಲಿ ತಟ್ಟೆ ತೊಳೆದೆ. ಜನವರಿಯಲ್ಲಿ ಫುಟ್‌ಬಾಲ್ ತಂಡದ ವಿಡಿಯೋ ವಿಭಾಗಕ್ಕೆ ವಿದ್ಯಾರ್ಥಿಗಳು ಬೇಕು ಅಂತ ಜಾಹೀರಾತು ಬಂತು. ಅರ್ಜಿ ಹಾಕಿದೆ.

ಅಲ್ಲಿಯ ಬಾಸ್ ಕೇಳಿದ ಮೊದಲ ಪ್ರಶ್ನೆ, ಫುಟ್‌ಬಾಲ್ ಗೊತ್ತಾ? ಇಲ್ಲ ಅಂದೆ. ಕ್ಯಾಮೆರಾ? ಇನ್ನೂರು ಮದುವೆ ಮಾಡಿದ್ದೀನಿ ಅಂದೆ. ಅವರು ನಕ್ಕರು. ಫುಟ್‌ಬಾಲ್ ಗೊತ್ತಿರೋ ಹುಡುಗರಿಗಿಂತ ನೀನೇ ವಾಸಿ, ಅವರೆಲ್ಲ ಚೆಂಡು ನೋಡ್ತಾರೆ ಅಂದರು. ಆ ಮಾತು ನನಗೆ ಅವತ್ತು ಅರ್ಥ ಆಗಲಿಲ್ಲ.

ಮದುವೆಯ ಅನುಭವ ಒಂದು ವಿಷಯದಲ್ಲಿ ನಿಜವಾಗಲೂ ಕೆಲಸಕ್ಕೆ ಬಂತು. ಧಾರೆ ಇನ್ನೊಂದು ಸಲ ಎರೆಯಿರಿ ಅಂತ ಹೇಳೋಕಾಗಲ್ಲ, ಅಲ್ವಾ? ಗಟ್ಟಿಮೇಳ ಶುರುವಾದಾಗ ಕ್ಯಾಮೆರಾ ಓಡುತ್ತಿರಲೇಬೇಕು. ಇಲ್ಲೂ ಹಾಗೇ. ಸ್ನ್ಯಾಪ್ ಆಗೋದು, ಅಂದರೆ ನಡುವಿನ ಆಟಗಾರ ಚೆಂಡನ್ನು ಕಾಲ ನಡುವಿಂದ ಹಿಂದಕ್ಕೆ ಕೊಡೋದು, ಒಂದೇ ಸಲ. ಅಲ್ಲಿಂದ ಐದಾರು ಸೆಕೆಂಡಿನಲ್ಲಿ ಎಲ್ಲಾ ಮುಗೀತು. ಪಂದ್ಯ ಮೂರೂವರೆ ಗಂಟೆ ಎಳೆಯುತ್ತೆ, ಗಟ್ಟಿ ಆಟ ಸೇರಿಸಿದರೆ ಹದಿನೈದು ನಿಮಿಷದ ಆಸುಪಾಸು. ಮಿಕ್ಕಿದ್ದೆಲ್ಲ ನಿಲ್ಲೋದು, ಗುಂಪುಗೂಡೋದು, ಜಾಹೀರಾತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕು ಅವಕಾಶದಲ್ಲಿ 10 ಗಜ ಮುಂದೆ ಹೋಗಬೇಕು. ಒಂದೊಂದು ಅವಕಾಶಕ್ಕೂ ಡೌನ್ ಅಂತಾರೆ. ಹತ್ತು ಗಜ ದಾಟಿದರೆ ಮತ್ತೆ ನಾಲ್ಕು ಡೌನ್, ಇಲ್ಲಾಂದ್ರೆ ಚೆಂಡು ಎದುರಾಳಿಗೆ. ಎರಡು ಸಾಲು ಎದುರುಬದುರು ಬಗ್ಗಿ ನಿಂತಾಗ ನನಗೆ ಕಬಡ್ಡಿಯ ನಡುಗೆರೆ ನೆನಪಾಗುತ್ತಿತ್ತು. ಆದರೆ ಕಬಡ್ಡಿಯಲ್ಲಿ ರೇಡರ್ ಒಬ್ಬನೇ ಹೋಗ್ತಾನೆ. ಇಲ್ಲಿ ಒಬ್ಬ ಓಡೋಕೆ ಹತ್ತು ಜನ ದಾರಿ ಬಿಡಿಸಬೇಕು. ಆ ಹತ್ತು ಜನರಲ್ಲಿ ಒಬ್ಬ ತನ್ನ ಕೆಲಸ ಬಿಟ್ಟರೂ ಓಡೋನು ಬಿದ್ದ.

ಅದಕ್ಕೇ ಚೆಂಡು ನೋಡಬೇಡ ಅನ್ನೋದು. ಕೋಚ್‌ಗಳ ವಿಡಿಯೋಗೆ ಎರಡು ಕ್ಯಾಮೆರಾ. ಒಂದು ಸೈಡ್‌ಲೈನ್ ಕಡೆ, ಪ್ರೆಸ್ ಬಾಕ್ಸ್ ಮೇಲೆ, ಮೈದಾನದ ನಡುವಿನ 50 ಗಜದ ಗೆರೆಯ ನೇರಕ್ಕೆ. ಅದರ ಫ್ರೇಮಿನಲ್ಲಿ ಇಪ್ಪತ್ತೆರಡು ಜನರೂ ಇರಬೇಕು. ಇನ್ನೊಂದು ಎಂಡ್ ಝೋನ್ ಹಿಂದೆ, ಅಂದರೆ ಮೈದಾನದ ತುದಿಯ ಹಿಂದೆ, ಎತ್ತರದಲ್ಲಿ. ಅದರಲ್ಲಿ ಸಾಲಿನಲ್ಲಿ ನಿಂತ ಭಾರಿ ಹುಡುಗರು, ಲೈನ್‌ಮನ್‌ಗಳು, ಹತ್ತಿರದಿಂದ ಕಾಣಬೇಕು. ಪ್ರತಿ ಆಟಕ್ಕೂ, ಅಂದರೆ ಒಂದೊಂದು ಸ್ನ್ಯಾಪ್‌ಗೂ, ಮೊದಲು ಸ್ಕೋರ್‌ಬೋರ್ಡ್ ಒಂದು ಸೆಕೆಂಡ್ ಹಿಡಿಯಬೇಕು. ಎಷ್ಟನೇ ಡೌನ್, ಎಷ್ಟು ಗಜ, ಎಷ್ಟು ಹೊತ್ತು ಉಳಿದಿದೆ ಅಂತ ಗೊತ್ತಾಗಲಿ ಅಂತ. ಆಮೇಲೆ ಎರಡೂ ಕೋನ ಜೋಡಿಸಿ ಒಂದರ ಹಿಂದೆ ಒಂದು ಕೂರಿಸೋದು. ನನಗೆ ಕೊಟ್ಟಿದ್ದು ಎಂಡ್ ಝೋನ್.

ಅಭ್ಯಾಸದ ದಿನ ಸಿಜರ್ ಲಿಫ್ಟ್ ಮೇಲೆ ನಿಂತು ಶೂಟ್ ಮಾಡಬೇಕು. ಕತ್ತರಿ ಕಾಲಿನ ಹಾಗೆ ಬಿಚ್ಚಿಕೊಂಡು ಮೇಲೇರೋ ಯಂತ್ರ ಅದು. ಮೊದಲ ದಿನ ಹತ್ತಿದಾಗ ಮೊಣಕಾಲು ಅಕ್ಷರಶಃ ನಡುಗಿತು. ಬಾಸ್ ಗಾಳಿ ಅಳೆಯೋ ಒಂದು ಪುಟ್ಟ ಮೀಟರ್ ಕೈಗೆ ಕೊಟ್ಟು, ಗಂಟೆಗೆ 25 ಮೈಲಿ ತೋರಿಸಿದ ತಕ್ಷಣ ಯಾರನ್ನೂ ಕೇಳದೆ ಇಳಿ ಅಂದರು. ಕೋಚ್ ಬೈದರೂ ಇಳಿ ಅಂದರು. 2010ರ ಅಕ್ಟೋಬರಿನಲ್ಲಿ ನೋತ್ರ್ ದಾಮ್ ಯೂನಿವರ್ಸಿಟಿಯಲ್ಲಿ ನನ್ನ ಹಾಗೇ ವಿಡಿಯೋ ಮಾಡುತ್ತಿದ್ದ ವಿದ್ಯಾರ್ಥಿಯೊಬ್ಬ ಬಿರುಗಾಳಿಗೆ ಲಿಫ್ಟ್ ಉರುಳಿ ತೀರಿಕೊಂಡ. ಈ ಕೆಲಸ ಮಾಡೋರೆಲ್ಲರಿಗೂ ಆ ಕಥೆ ಗೊತ್ತು. ನಾನು ಅದನ್ನು ಅಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ.

ಇನ್ನೊಂದು ಲೆಕ್ಕ ನನಗೆ ಮಜಾ ಅನಿಸಿತ್ತು. ವಿದ್ಯಾರ್ಥಿ ವೀಸಾದಲ್ಲಿರೋ ನಾನು ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಆಟಗಾರರಿಗೂ ಸೀಸನ್‌ನಲ್ಲಿ ವಾರಕ್ಕೆ 20 ಗಂಟೆಯ ಮಿತಿ, ಕಾಲೇಜು ಕ್ರೀಡೆಯನ್ನು ನೋಡಿಕೊಳ್ಳೋ ಎನ್‌ಸಿಎಎ ನಿಯಮ. ನನ್ನ 20 ಗಂಟೆಯನ್ನು ಕಂಪ್ಯೂಟರ್ ಸೆಕೆಂಡ್ ಲೆಕ್ಕದಲ್ಲಿ ನೋಡುತ್ತಿತ್ತು. ಅವರಿಗೆ ಪಂದ್ಯದ ದಿನ ಎಷ್ಟೇ ಹೊತ್ತಾದರೂ ಮೂರು ಗಂಟೆ ಅಂತ ಬರೆದುಕೊಳ್ತಾರೆ. ಬಸ್ ಪ್ರಯಾಣ, ಕಾಲಿಗೆ ಟೇಪ್ ಸುತ್ತಿಸಿಕೊಳ್ಳೋದು ಲೆಕ್ಕಕ್ಕೇ ಇಲ್ಲ. ಇಪ್ಪತ್ತು ಅನ್ನೋದು ಇಬ್ಬರಿಗೂ ಒಂದೇ ಅಂಕಿ, ಅಷ್ಟೇ.

ಮೊದಲ ಪಂದ್ಯದ ವಿಷಯಕ್ಕೆ ಬರ್ತೀನಿ. ಅದು ಸೋಲೋಕೆ ಅಂತಲೇ ಹೋಗಿದ್ದು ಅಂದರೆ ನಂಬ್ತೀರಾ? ದೊಡ್ಡ ಯೂನಿವರ್ಸಿಟಿಗಳು ನಮ್ಮಂಥ ಸಣ್ಣ ತಂಡವನ್ನು ದುಡ್ಡು ಕೊಟ್ಟು ಕರೆಸಿಕೊಳ್ಳುತ್ತವೆ. ಅವರಿಗೆ ಸುಲಭದ ಗೆಲುವು, ತವರಿನಲ್ಲಿ ಟಿಕೆಟ್ ಮಾರಾಟ. ನಮಗೆ ಚೆಕ್. ಈಗ ಆ ಚೆಕ್ ಎಷ್ಟೋ ಕಡೆ ಹತ್ತು ಲಕ್ಷ ಡಾಲರ್ ದಾಟುತ್ತೆ. ಅದರಲ್ಲೇ ಈಜು ತಂಡ, ಟೆನಿಸ್ ತಂಡದ ಖರ್ಚೂ ನಡೀಬೇಕು. ಯಾವಾಗಲೋ ಒಮ್ಮೆ ಉಲ್ಟಾ ಹೊಡೆಯುತ್ತೆ. 2007ರಲ್ಲಿ ಮಿಷಿಗನ್ 4 ಲಕ್ಷ ಡಾಲರ್ ಕೊಟ್ಟು ಅಪಲೇಶಿಯನ್ ಸ್ಟೇಟ್ ತಂಡವನ್ನು ಕರೆಸಿ, 34-32ಕ್ಕೆ ಸೋತು ಕೂತಿತ್ತು. ನಮ್ಮ ಹುಡುಗರೂ ಬಸ್ಸಿನಲ್ಲಿ ಹೋಗುವಾಗ ಅದೇ ಮಾತಾಡ್ತಿದ್ದರು. ಬರುವಾಗ ಯಾರೂ ಮಾತಾಡಲಿಲ್ಲ. ಎರಡನೇ ವಾರ ಕೆಳಗಿನ ದರ್ಜೆಯ ತಂಡವೊಂದನ್ನು ನಾವೇ ದುಡ್ಡು ಕೊಟ್ಟು ಕರೆಸಿ ಗೆದ್ದೆವು. ಸುಮ್ನೆ ಹೇಳ್ತಿದ್ದೀನಿ, ಆ ಗೆಲುವಿನ ಬಗ್ಗೆ ನನಗೆ ಹೆಚ್ಚೇನೂ ನೆನಪಿಲ್ಲ.

ಮೂರನೇ ಪಂದ್ಯ ಚೆನ್ನಾಗಿ ನೆನಪಿದೆ, ಯಾಕಂದ್ರೆ ಆವತ್ತು ನಾನೂ ಸೋತೆ. ಈ ಕೆಲಸದಲ್ಲಿ ಒಂದು ಖಾಯಂ ತಪ್ಪು ಇದೆ. ಸ್ನ್ಯಾಪ್‌ಗೆ ಮುಂಚೆ ಬಟನ್ ಒತ್ತಬೇಕು, ಸೀಟಿ ಆದಮೇಲೆ ಇನ್ನೊಂದು ಸಲ ಒತ್ತಿ ನಿಲ್ಲಿಸಬೇಕು. ಒಂದು ಸಲ ಲೆಕ್ಕ ತಪ್ಪಿದರೆ ಎಲ್ಲಾ ಉಲ್ಟಾ. ಆಟ ನಡೆಯುವಾಗ ಕ್ಯಾಮೆರಾ ನಿಂತಿರುತ್ತೆ, ಆಟ ನಿಂತಾಗ ಓಡುತ್ತೆ. ಎರಡನೇ ಕ್ವಾರ್ಟರಿನಲ್ಲಿ ಯಾರೋ ಬಿದ್ದು ಕಾಲು ಹಿಡಿದುಕೊಂಡ. ಮದುವೆ ಕ್ಯಾಮೆರಾದವನ ಕೈ, ತಾನಾಗಿ ಅವನ ಮುಖಕ್ಕೆ ಝೂಮ್ ಆಯ್ತು. ಆ ಗಡಿಬಿಡಿಯಲ್ಲಿ ಬಟನ್ ಎರಡು ಸಲ ಒತ್ತಿದೆನೋ ಏನೋ. ಅಲ್ಲಿಂದ ಆರು ಆಟ ಉಲ್ಟಾ.

ಹಳೇ ಕಾಲವಾಗಿದ್ದರೆ ಪಂದ್ಯ ಮುಗಿದ ಮೇಲೆ ಗೊತ್ತಾಗುತ್ತಿತ್ತು. 2024ರಿಂದ ಕಾಲೇಜು ಪಂದ್ಯದಲ್ಲೂ ಮೈದಾನದ ಪಕ್ಕ ಟ್ಯಾಬ್ಲೆಟ್‌ಗೆ ಅನುಮತಿ ಸಿಕ್ಕಿತ್ತು. ನಾನು ಶೂಟ್ ಮಾಡಿದ್ದು ಕೂಡಲೇ ಕೆಳಗೆ ಕೋಚ್ ಕೈಗೆ. ಹೆಡ್‌ಸೆಟ್‌ನಲ್ಲಿ ಬಾಸ್ ಧ್ವನಿ ಬಂತು, ತುಂಬಾ ಮೆತ್ತಗೆ: "ಅವರು ಟ್ಯಾಬ್ಲೆಟ್‌ನಲ್ಲಿ ಹುಲ್ಲು ನೋಡ್ತಿದ್ದಾರೆ." ಬೈದಿದ್ದರೆ ವಾಸಿಯಾಗಿತ್ತು. ಅವತ್ತಿನಿಂದ ಕ್ಯಾಮೆರಾದ ಕೆಂಪು ದೀಪವನ್ನು ಬಾಯಿಬಿಟ್ಟು ಹೇಳೋ ಅಭ್ಯಾಸ ಮಾಡಿಕೊಂಡೆ. "ಕೆಂಪು" ಅಂತ ಹೇಳಿ ಶುರು, "ಕಪ್ಪು" ಅಂತ ಹೇಳಿ ನಿಲ್ಲಿಸು. ಕನ್ನಡದಲ್ಲೇ. ಪಕ್ಕದಲ್ಲಿ ನಿಲ್ಲುತ್ತಿದ್ದ ಜೊತೆಯ ಹುಡುಗಿ ಅದನ್ನು ಏನೋ ಮಂತ್ರ ಅಂದುಕೊಂಡಿದ್ದಳು.

ಶನಿವಾರ ರಾತ್ರಿ ಪಂದ್ಯ ಮುಗಿದರೆ ನಮ್ಮ ಕೆಲಸ ಆಗ ಶುರು. ಕ್ಲಿಪ್ ಜೋಡಿಸಿ, ಡೌನ್, ಗಜ, ಯಾವ ವ್ಯೂಹ, ಯಾರು ಯಾರು ಮೈದಾನದಲ್ಲಿದ್ದರು ಅಂತ ಒಂದೊಂದಕ್ಕೂ ತುಂಬಬೇಕು. ಭಾನುವಾರ ಬೆಳಗ್ಗೆ ಕೋಚ್‌ಗಳು ಬರೋ ಹೊತ್ತಿಗೆ ರೆಡಿ ಇರಬೇಕು. ಇದರ ಜೊತೆ ಇನ್ನೊಂದು ಕೆಲಸ ಇತ್ತು. ಆವತ್ತಿನ ಪಂದ್ಯದ ಪೂರ್ತಿ ವಿಡಿಯೋವನ್ನು ಮುಂದಿನ ಎದುರಾಳಿಗೆ ಕಳಿಸೋದು. ಕದ್ದುಮುಚ್ಚಿ ಅಲ್ಲ, ನಿಯಮವೇ ಹಾಗೆ. ಅವರದ್ದು ನಮಗೆ, ನಮ್ಮದು ಅವರಿಗೆ. ಇಷ್ಟು ಹೊತ್ತಿನೊಳಗೆ ಅಪ್‌ಲೋಡ್ ಆಗಬೇಕು ಅಂತ ಗಡುವು ಬೇರೆ. ಗೆದ್ದ ತಂಡಕ್ಕೆ ಇದು ಲೆಕ್ಕಕ್ಕಿಲ್ಲದ ಕೆಲಸ. ಸೋಲೋ ತಂಡಕ್ಕೆ ಹಾಗಲ್ಲ. ನಮ್ಮ ಮನೆಯ ಸೂರು ಎಲ್ಲೆಲ್ಲಿ ಸೋರುತ್ತೆ ಅಂತ ಗುರುತು ಹಾಕಿ, ಮುಂದಿನ ವಾರದ ಮಳೆಗೆ ನಾವೇ ವಿಳಾಸ ಕೊಟ್ಟ ಹಾಗೆ. ಪರದೆ ಮೇಲೆ "ಮುಂದಿನ ಎದುರಾಳಿ" ಅನ್ನೋ ಖಾನೆಯಲ್ಲಿ ಹೆಸರು ಆರಿಸಿ ಕಳಿಸು ಅಂತ ಒತ್ತೋ ಕೆಲಸ ನನ್ನದಾಗಿತ್ತು.

ಆರನೇ ಪಂದ್ಯದ ಒಂದು ಆಟವನ್ನು ನಾನು ನೂರು ಸಲವಾದರೂ ನೋಡಿರಬೇಕು. ತವರಿನ ಪಂದ್ಯ. ನಾಲ್ಕು ಪಾಯಿಂಟ್ ಹಿಂದಿದ್ದೆವು, ಎರಡು ನಿಮಿಷಕ್ಕೂ ಕಮ್ಮಿ ಉಳಿದಿತ್ತು. ನಾಲ್ಕನೇ ಡೌನ್, ಬೇಕಾಗಿದ್ದು ಒಂದೇ ಗಜ. ಒಂದು ಗಜ ಅಂದರೆ ನಮ್ಮೂರ ಕಡೆ ಹೂ ಅಳೆಯೋವಾಗ ಎರಡು ಮೊಳ. ಬಲಕ್ಕೆ ಓಡೋ ಆಟ ಹೇಳಿದರು. ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹೊತ್ತು ಓಡೋನು, ಚೆಂಡು ಹಿಡಿದ, ಬಲಕ್ಕೆ ತಿರುಗಿದ, ಗೆರೆಗೆ ಒಂದು ಅಡಿ ಹಿಂದೆ ಬಿದ್ದ. ಮುಗೀತು ಪಂದ್ಯ. ಟಿ.ವಿ.ಯಲ್ಲಿ ಮತ್ತೆ ಮತ್ತೆ ತೋರಿಸಿದ್ದು ಅವನು ಬಿದ್ದಿದ್ದನ್ನೇ. ರಾತ್ರಿಯೆಲ್ಲ ಫೋನಿನಲ್ಲಿ ಜನ ಉಗಿದಿದ್ದು ಅವನಿಗೇ. ನಾನೂ ಮೇಲೆ ನಿಂತು ಅವನನ್ನೇ ಬೈದುಕೊಂಡೆ.

ಮಧ್ಯರಾತ್ರಿ ಎಂಡ್ ಝೋನ್ ಕ್ಲಿಪ್ ಜೋಡಿಸುವಾಗ ನಿಧಾನಕ್ಕೆ ಓಡಿಸಿ ನೋಡಿದೆ. ಬಲಗಡೆ ಎಲ್ಲಾ ಸರಿ ಇದೆ. ದಾರಿ ಬಿಟ್ಟಿದೆ, ಇಬ್ಬರು ನುಗ್ಗೋಷ್ಟು. ಎಡಗಡೆ ಕೊನೆಯಲ್ಲಿ, ಚೆಂಡಿಗೂ ತನಗೂ ಸಂಬಂಧವೇ ಇಲ್ಲ ಅನ್ನೋ ಜಾಗದಲ್ಲಿ, 72ನೇ ನಂಬರಿನ ಹುಡುಗ. ಸ್ನ್ಯಾಪ್ ಆದ ಕೂಡಲೇ ಅವನು ಬಲಗಾಲು ಮೊದಲು ಇಡಬೇಕಿತ್ತು. ಎಡಗಾಲು ಎತ್ತಿದ. ಒಂದು ಗೇಣು ಎತ್ತಿರಬೇಕು, ಅಷ್ಟೇ. ಅಷ್ಟರಲ್ಲಿ ಎದುರಿನವನು ಅವನ ಮುಂದಿನಿಂದ ಜಾರಿ ಒಳಗೆ ಬಂದು, ಹಿಂದಿನಿಂದ ಅಟ್ಟಿಸಿಕೊಂಡು ಹೋಗಿ, ರನ್ನಿಂಗ್ ಬ್ಯಾಕ್‌ನ ಹಿಮ್ಮಡಿಗೆ ಕೈ ಹಾಕಿದ. ಬಿದ್ದವನಿಗೆ ತನ್ನನ್ನು ಬೀಳಿಸಿದ್ದು ಯಾರು ಅಂತಲೂ ಕಂಡಿರಲಿಕ್ಕಿಲ್ಲ.

ಚೆಂಡು ನೋಡಬೇಡ ಅಂದಿದ್ದು ನನಗೆ ಆ ರಾತ್ರಿ ಅರ್ಥ ಆಯ್ತು. ಜೊತೆಗೆ ಮಾವನ ಮಾತೂ ನೆನಪಾಯಿತು. ಸ್ಟುಡಿಯೋಗೆ ಸೇರಿದ ಹೊಸದರಲ್ಲಿ ಹೇಳ್ತಿದ್ದರು: "ತಾಳಿ ಕಟ್ಟೋದನ್ನ ಎಲ್ಲಾರೂ ತೆಗಿತಾರೆ ಕಣೋ. ನೀನು ಆ ಟೈಮಲ್ಲಿ ಹುಡುಗಿ ಅಪ್ಪ ಎಲ್ಲಿ ನಿಂತವ್ರೆ ನೋಡು."

ಅಲ್ಲಿಂದ ನನ್ನ ಕಣ್ಣು ಬದಲಾಯ್ತು. ಅದೇ ಹೊತ್ತಿಗೆ ರಕ್ಷಣಾ ವಿಭಾಗದ ಕೋಚ್ ಒಂದು ಪಟ್ಟಿ ಕೇಳಿದರು, ಲೋಫ್ ಪಟ್ಟಿ. ಆಟ ಇನ್ನೂ ನಡೀತಿರುವಾಗ ಯಾರಾದರೂ ಓಟ ನಿಧಾನ ಮಾಡಿದರೆ, ಹೇಗಿದ್ದರೂ ನನ್ನ ಕಡೆ ಬರಲ್ಲ ಬಿಡು ಅಂತ ನಡೆದುಬಿಟ್ಟರೆ, ಅದು ಲೋಫ್. ನಮ್ಮ ಕಡೆ ಲೋಫರ್ ಅಂತ ಬೈಯೋದು ನೆನಪಾಗಿ ಮೊದಲು ನಗು ಬಂತು. ಒಂದೊಂದು ಲೋಫ್‌ಗೂ ಸೋಮವಾರ ಶಿಕ್ಷೆಯ ಓಟ. ಅಧಿಕೃತ ಲೆಕ್ಕ ಕೋಚ್‌ಗಳದ್ದು, ಕ್ಲಿಪ್ ಕತ್ತರಿಸಿ ಕೊಡೋದು ನನ್ನದು. ಅವರ ಲೆಕ್ಕದಲ್ಲಿ ಮೊದಲ ನಾಲ್ಕು ಪಂದ್ಯದಲ್ಲಿ ಅದು ಹತ್ತರೊಳಗೆ ಇತ್ತು. ಎಂಟನೇ ಪಂದ್ಯದ ಪಟ್ಟಿ ಮಾಡುವಾಗ 27ಕ್ಕೆ ಬಂದಿದ್ದೆ.

ಆ ಎಂಟನೇ ಪಂದ್ಯ ನಮ್ಮ ಏಳನೇ ಸೋಲು. ಏಳು ಅನ್ನೋದು ಕಾಲೇಜು ಫುಟ್‌ಬಾಲಿನಲ್ಲಿ ಕೆಟ್ಟ ಅಂಕಿ. ಹನ್ನೆರಡು ಪಂದ್ಯದಲ್ಲಿ ಆರು ಗೆದ್ದರೆ ಡಿಸೆಂಬರಿನ ಬೌಲ್ ಪಂದ್ಯಕ್ಕೆ, ಅಂದರೆ ಸೀಸನ್ ಮುಗಿದ ಮೇಲಿನ ವಿಶೇಷ ಪಂದ್ಯಕ್ಕೆ, ಅರ್ಹತೆ. ಏಳು ಸೋತ ಮೇಲೆ ಆ ಆರು ಗೆಲುವು ಲೆಕ್ಕದ ಪ್ರಕಾರವೂ ಸಾಧ್ಯವಿಲ್ಲ. ಅಲ್ಲಿಂದ ಮುಂದೆ ಅದೇ ಕೋಣೆಯಲ್ಲಿ ಕೂತಿದ್ದವರು ಒಂದೇ ತಂಡವಾಗಿರಲಿಲ್ಲ. ಕೊನೆಯ ವರ್ಷದವರಿಗೆ ಇನ್ನು ಮೂರ್ನಾಲ್ಕು ಶನಿವಾರ ಮುಗಿದರೆ ಆಟವೇ ಮುಗೀತು. ಚೆನ್ನಾಗಿ ಆಡುವವರ ಕಣ್ಣು ಟ್ರಾನ್ಸ್‌ಫರ್ ಪೋರ್ಟಲ್ ಮೇಲೆ. ಹೆಸರು ಹಾಕಿದರೆ ಬೇರೆ ಯೂನಿವರ್ಸಿಟಿ ಕರೆಯಬಹುದು. 2021ರಿಂದ ಆಟಗಾರರು ತಮ್ಮ ಹೆಸರು, ಮುಖದ ಮೇಲೆ ದುಡ್ಡು ಮಾಡಿಕೊಳ್ಳಬಹುದು, ಹಾಗಾಗಿ ದೊಡ್ಡ ಕಡೆ ಹೋದರೆ ದುಡ್ಡೂ ಜಾಸ್ತಿ. ಹೊಸ ಹುಡುಗರಿಗೆ ಇನ್ನೊಂದು ಲೆಕ್ಕ. ಆಗಿನ ನಿಯಮದಲ್ಲಿ ನಾಲ್ಕು ಪಂದ್ಯದವರೆಗೆ ಆಡಿದರೂ, ಕಾಲೇಜಿನಲ್ಲಿ ಆಡೋಕೆ ಸಿಗೋ ವರ್ಷಗಳ ಲೆಕ್ಕದಲ್ಲಿ ಆ ವರ್ಷ ಖರ್ಚಾಗುತ್ತಿರಲಿಲ್ಲ. ಹಾಗಾಗಿ ನವೆಂಬರ್ ಬಂದ ಕೂಡಲೇ ಕೋಚ್‌ಗಳು ಅಲ್ಲಿಯವರೆಗೆ ಬೆಂಚಿನಲ್ಲಿದ್ದ ಹದಿನೆಂಟರ ಹುಡುಗರನ್ನು ಇಳಿಸತೊಡಗಿದರು. ಇದನ್ನೆಲ್ಲ ಹೊರಗಿನಿಂದ ನೋಡಿ ಹುಡುಗರಿಗೆ ಛಲವಿಲ್ಲ ಅನ್ನೋದು ಸುಲಭ. ನಾನಂತೂ ಅನ್ನಲಾರೆ. ಅಲ್ಲಿದ್ದ ಅರ್ಧ ಜನಕ್ಕೆ ಗೆದ್ದರೂ ಸೋತರೂ ಮುಂದಿನ ವರ್ಷ ಅದೇ ಜರ್ಸಿ ಇರುತ್ತೋ ಇಲ್ಲವೋ ಗೊತ್ತಿರಲಿಲ್ಲ.

ಆ ದಿನಗಳಲ್ಲಿ ನಾನೊಂದು ಸಣ್ಣ ತರಲೆ ಶುರು ಮಾಡಿದೆ. ನಿಯಮದ ಪ್ರಕಾರ ಸೀಟಿ ಆದ ಕೂಡಲೇ ಕ್ಯಾಮೆರಾ ನಿಲ್ಲಿಸಬೇಕು. ನಾನು ಎರಡು ಸೆಕೆಂಡ್ ಜಾಸ್ತಿ ಓಡಿಸತೊಡಗಿದೆ. ಯಾಕಂದ್ರೆ ನನಗೆ ಆ ಎರಡು ಸೆಕೆಂಡಿನಲ್ಲಿ ಒಂದು ವಿಷಯ ಕಾಣುತ್ತಿತ್ತು. ಬಿದ್ದವನನ್ನು ಎಬ್ಬಿಸೋಕೆ ಎಷ್ಟು ಕೈ ಬರುತ್ತೆ ಅನ್ನೋದು. ಸೆಪ್ಟೆಂಬರಿನಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಸ್ನ್ಯಾಪ್ ಪಡೆದು ಆಟ ನಡೆಸೋನು, ಬಿದ್ದರೆ ಮೂರು ಜನ ಓಡಿ ಬಂದು ಕೈ ಕೊಡುತ್ತಿದ್ದರು. ಅಕ್ಟೋಬರ್ ಕೊನೆಗೆ ಅವನು ಒಬ್ಬನೇ ಎದ್ದು, ಹೆಲ್ಮೆಟ್ಟಿಗೆ ಸಿಕ್ಕಿದ ಹುಲ್ಲು ತಾನೇ ತೆಗೆದುಕೊಂಡು ವಾಪಸ್ ನಡೆಯುತ್ತಿದ್ದ. ಸ್ಕೋರ್‌ಬೋರ್ಡಿನಲ್ಲಿ ಆಗಿನ್ನೂ ಮೂರೇ ಪಾಯಿಂಟ್ ಅಂತರ.

ಕ್ಲಿಪ್‌ಗೆ ಬಾಲ ಯಾಕೆ ಇಷ್ಟು ಉದ್ದ ಅಂತ ಬಾಸ್ ಕೇಳಿದರು. ಹೇಳಿದೆ. ಅವರು ಒಂದು ನಾಲ್ಕೈದು ನೋಡಿ, ಸರಿ, ಆದರೆ 160 ಕ್ಲಿಪ್‌ಗೂ ಎರಡೆರಡು ಸೆಕೆಂಡ್ ಅಂದರೆ ಕೋಚ್‌ಗಳ ಐದು ನಿಮಿಷ ಹಾಳು, ಕತ್ತರಿಸು ಅಂದರು. ಕತ್ತರಿಸಿದೆ. ಎರಡು ದಿನ ಬಿಟ್ಟು ಲೈನ್‌ಮನ್‌ಗಳ ಕೋಚ್ ನಮ್ಮ ಕೋಣೆಗೆ ಬಂದು, ಆ ಬಾಲ ಎಲ್ಲಿ ಹೋಯ್ತು ಅಂತ ಕೇಳಿದರು. ಅವರಿಗಷ್ಟೇ ಬೇರೆ ಕಾಪಿ ಮಾಡಿ ಕೊಡತೊಡಗಿದೆ. ಅವರು ಅದನ್ನು ಹುಡುಗರಿಗೆ ತೋರಿಸಿದರೋ ಇಲ್ಲವೋ ನಾನು ಕೇಳಲಿಲ್ಲ.

ನವೆಂಬರಿನಲ್ಲಿ ನಮ್ಮಂಥ ಸಣ್ಣ ಕಾನ್ಫರೆನ್ಸ್‌ಗಳು, ಅಂದರೆ ತಂಡಗಳ ಲೀಗುಗಳು, ಮಂಗಳವಾರ, ಬುಧವಾರ ರಾತ್ರಿ ಆಡುತ್ತವೆ. ಶನಿವಾರ ದೊಡ್ಡವರ ಮುಂದೆ ನಮ್ಮನ್ನು ಯಾರು ನೋಡ್ತಾರೆ? ವಾರದ ನಡುವೆಯಾದರೆ ಟಿ.ವಿ.ಯಲ್ಲಿ ಜಾಗ ಸಿಗುತ್ತೆ. ಒಂದು ಮಂಗಳವಾರ ಮೈನಸ್ 5 ಡಿಗ್ರಿ. ಚಳಿಗೆ ಬ್ಯಾಟರಿ ಅರ್ಧ ಗಂಟೆಯಲ್ಲಿ ಸತ್ತು ಬೀಳುತ್ತಿತ್ತು. ಒಂದು ಬ್ಯಾಟರಿ ಕ್ಯಾಮೆರಾದಲ್ಲಿ, ಎರಡು ನನ್ನ ಕಂಕುಳಲ್ಲಿ, ಸ್ವೆಟರಿನೊಳಗೆ. ಅಮ್ಮ ಹೆಣೆದು ಕಳಿಸಿದ್ದ ಸ್ವೆಟರ್ ಅದು. ಗ್ಯಾಲರಿ ಎಷ್ಟು ಖಾಲಿ ಅಂದರೆ ಆ ಕಡೆಯ ತುದಿಯಲ್ಲಿ ಯಾರೋ ಕೆಮ್ಮಿದ್ದು ನನಗೆ ಕೇಳಿಸಿತು. ಬ್ಯಾಂಡ್‌ನವರ ತುತ್ತೂರಿ ಕೂಡ ಚಳಿಗೆ ಶ್ರುತಿ ತಪ್ಪಿತ್ತು.

ಅಂಥಾ ರಾತ್ರಿಯಲ್ಲಿ ನಾವು ಗೆದ್ದುಬಿಟ್ಟೆವು. ಹೇಗೆ ಅಂತ ಕೇಳಿದರೆ ಎದುರಾಳಿಗಳೂ ನಮ್ಮಷ್ಟೇ ಕೆಟ್ಟದಾಗಿ ಆಡಿದರು ಅನ್ನಬೇಕು. ಆ ನಾಲ್ಕು ಪಂದ್ಯದ ಲೆಕ್ಕದ ಹೊಸ ಹುಡುಗರಿಗೆ ಮಾತ್ರ ಅದೆಲ್ಲ ಗೊತ್ತಿಲ್ಲ. ಸೀಟಿ ಆದಮೇಲೆ ಕುಣಿದರು, ಕೆಳಗೆ ಬಿದ್ದು ಹೊರಳಾಡಿದರು. ಜೊತೆಯ ಹುಡುಗಿ ನನಗೆ ಹಳೇ ಕಥೆಗಳನ್ನು ಹೇಳಿದಳು. ಪ್ರೇರಿ ವ್ಯೂ ಅನ್ನೋ ಟೆಕ್ಸಾಸಿನ ತಂಡ 1989ರಿಂದ 1998ರವರೆಗೆ ಒಂದರ ಹಿಂದೆ ಒಂದು 80 ಪಂದ್ಯ ಸೋತಿತ್ತಂತೆ. ಕೊನೆಗೆ 14-12ಕ್ಕೆ ಗೆದ್ದರಂತೆ. ನಾರ್ತ್‌ವೆಸ್ಟರ್ನ್ ತಂಡ 34 ಸೋಲಿನ ಮೇಲೆ 1982ರಲ್ಲಿ ಗೆದ್ದಾಗ ವಿದ್ಯಾರ್ಥಿಗಳು ಗೋಲುಕಂಬವನ್ನೇ ಕಿತ್ತು ಊರಲ್ಲಿ ಹೊತ್ತುಕೊಂಡು ಹೋಗಿ ಮಿಷಿಗನ್ ಸರೋವರಕ್ಕೆ ಎಸೆದರಂತೆ. ನಮ್ಮ ಕಂಬಕ್ಕೆ ಏನೂ ಆಗಲಿಲ್ಲ. ಕೀಳೋಕೆ ಜನ ಬೇಕಲ್ಲ.

ಆ ಗೆಲುವಿನ ಲೋಫ್ ಪಟ್ಟಿಯಲ್ಲಿ ನಾಲ್ಕೇ ಇದ್ದವು.

ಆಮೇಲೆ ಮತ್ತೆ ಸೋತೆವು. ಕೊನೆಯ ಪಂದ್ಯಕ್ಕೆ ಮುಂಚೆ ಕೊನೆಯ ವರ್ಷದ ಆಟಗಾರರನ್ನು ಅಪ್ಪ ಅಮ್ಮನ ಜೊತೆ ಮೈದಾನಕ್ಕೆ ಕರೆದು ಹೂಗುಚ್ಛ ಕೊಟ್ಟರು. ಅದನ್ನು ಶೂಟ್ ಮಾಡೋದು ನನ್ನ ಕೆಲಸ ಅಲ್ಲ. ಆದರೂ ಮಾಡಿದೆ, ಝೂಮ್ ಹಾಕಿಯೇ ಮಾಡಿದೆ. ಒಬ್ಬ ಅಪ್ಪ ಮಗನ ಹೆಗಲ ಮೇಲಿನ ಪ್ಯಾಡನ್ನು ಬಟ್ಟೆ ಸರಿಮಾಡೋ ಹಾಗೆ ಎಳೆದು ಸರಿ ಮಾಡುತ್ತಿದ್ದ. ಮರುದಿನ ಹೆಡ್ ಕೋಚ್‌ನ್ನು ತೆಗೆದರು. ನಮಗೆ ಗೊತ್ತಾಗಿದ್ದು ಫೋನಿನಲ್ಲಿ ಬಂದ ಸುದ್ದಿಯಿಂದ. ನಾನು ಭಾನುವಾರ ಬೆಳಗ್ಗೆ ಎಂದಿನಂತೆ ಆಫೀಸಿಗೆ ಹೋದಾಗ ಸಹಾಯಕ ಕೋಚ್ ಒಬ್ಬರು ಗೋಡೆಯ ಮೇಲಿನ ಮಕ್ಕಳ ಫೋಟೋ ತೆಗೆದು ರಟ್ಟಿನ ಡಬ್ಬಕ್ಕೆ ಹಾಕುತ್ತಿದ್ದರು. ವಿಡಿಯೋ ರೆಡಿ ಇದೆ ಅಂದೆ, ಅಭ್ಯಾಸ ಬಲ. ಅವರು ತಿರುಗಿ, "ಥ್ಯಾಂಕ್ಸ್, ಚೆನ್ನಾಗಿ ಬಂದಿದೆಯಾ?" ಅಂದರು. ಬಂದಿದೆ ಅಂದೆ.

ಅಪ್‌ಲೋಡ್ ಪರದೆ ತೆರೆದೆ. "ಮುಂದಿನ ಎದುರಾಳಿ" ಖಾನೆ ಖಾಲಿ ಇತ್ತು. ಒತ್ತೋಕೆ ಏನೂ ಇಲ್ಲ. ಮುಚ್ಚಿದೆ.

ಕೆಲಸ ಮುಗಿಯಲಿಲ್ಲ. ಆಗಿನ ನಿಯಮದಲ್ಲಿ ಕೋಚ್ ಹೋದರೆ ಆ ತಂಡದ ಹುಡುಗರಿಗೆ ಪೋರ್ಟಲ್ 30 ದಿನ ತೆರೆದಿರುತ್ತಿತ್ತು. ಮುಂದಿನ ವರ್ಷದಿಂದ ತಂಡಕ್ಕೆ 105 ಜನ ಮಾತ್ರ ಅನ್ನೋ ಮಾತು ಬೇರೆ ಓಡಾಡುತ್ತಿತ್ತು. ಸ್ಕಾಲರ್‌ಶಿಪ್ ಇಲ್ಲದೆ ಆಡುತ್ತಿದ್ದ ಹುಡುಗರಿಗೆ ನಿದ್ದೆ ಇರಲಿಲ್ಲ. ಒಬ್ಬೊಬ್ಬರಾಗಿ ನಮ್ಮ ಕೋಣೆಗೆ ಬಂದು ತಮ್ಮ ಕ್ಲಿಪ್ ಕೇಳುತ್ತಿದ್ದರು. ಬೇರೆ ಕಡೆ ತೋರಿಸೋಕೆ ರೀಲ್ ಬೇಕಲ್ಲ. ಸೆಮಿಸ್ಟರ್ ಪರೀಕ್ಷೆ ನನಗೂ ಇತ್ತು, ಅವರಿಗೂ ಇತ್ತು. ಮಾವನ ಸ್ಟುಡಿಯೋದಲ್ಲಿ ಜೂನ್ ತಿಂಗಳಲ್ಲಿ ಆಲ್ಬಂ ಕೇಳಿಕೊಂಡು ಬರೋ ಗಿರಾಕಿಗಳ ಹಾಗೆ ಬಾಗಿಲಲ್ಲಿ ನಿಂತಿರುತ್ತಿದ್ದರು.

ಒಂದು ರಾತ್ರಿ 72ನೇ ನಂಬರಿನವನು ಬಂದ. ಬಾಗಿಲಿಗೆ ಬಗ್ಗಿ ಒಳಗೆ ಬರಬೇಕಾದಷ್ಟು ಎತ್ತರ. ನನ್ನ ಪಕ್ಕದ ಕುರ್ಚಿ ಅವನಿಗೆ ಸಾಲದೆ ನೆಲದ ಮೇಲೆ ಕೂತ. ಇಬ್ಬರೂ ಸೇರಿ ಹನ್ನೆರಡು ಪಂದ್ಯ ಓಡಿಸಿದೆವು. ಅವನು ಬೆರಳು ತೋರಿಸಿದ್ದನ್ನು ನಾನು ಗುರುತು ಹಾಕುತ್ತಾ ಹೋದೆ. ಆರನೇ ಪಂದ್ಯ ಬಂತು. ಆ ನಾಲ್ಕನೇ ಡೌನ್ ಬಂತು. ನಾನು ಬೇಗ ಮುಂದಕ್ಕೆ ಓಡಿಸೋಕೆ ಹೋದೆ.

"ನಿಲ್ಲಿಸು," ಅಂದ. ನೋಡಿದ. ಇನ್ನೊಂದು ಸಲ ಹಾಕು ಅಂದ. ಮೂರು ಸಲ ನೋಡಿ, "ಎಡಗಾಲು," ಅಂದ.

"ಹೌದು."

"ಇದು ಎಷ್ಟು ತಂಡಗಳ ಹತ್ತಿರ ಇದೆ?"

ಏಳನೇ ಪಂದ್ಯದವರಿಗೆ ನಾನೇ ಕಳಿಸಿದ್ದೆ. ಆಮೇಲಿನ ವಾರಗಳಲ್ಲಿ ಇನ್ನೂ ಯಾರ್ಯಾರಿಗೆ ಹೋಯಿತೋ. ತುಂಬಾ ತಂಡಗಳ ಹತ್ತಿರ ಇದೆ ಅಂದೆ. ಅವನು ತಲೆ ಆಡಿಸಿ, ಸೀಟಿ ಆದಮೇಲೆ ಏನಾಯ್ತು ತೋರಿಸು ಅಂದ. ಲೈನ್‌ಮನ್ ಕೋಚ್‌ಗೆ ಬಾಲ ಇರೋ ಕಾಪಿ ಕೊಡೋಕೆ ಶುರು ಮಾಡಿದ್ದು ಅದಾದ ಮೇಲೆ. ಆ ಪಂದ್ಯದ ಕ್ಲಿಪ್‌ಗಳು ಸೀಟಿಗೇ ನಿಂತುಹೋಗಿದ್ದವು. ಇಲ್ಲ ಅಂದೆ. "ನಾನು ಅವನನ್ನ ಎಬ್ಬಿಸಿದೆ," ಅಂದ, ರನ್ನಿಂಗ್ ಬ್ಯಾಕ್ ಬಗ್ಗೆ. ನನಗೆ ನೆನಪಿರಲಿಲ್ಲ. ನಾನು ಆಗ ಮೇಲೆ ನಿಂತು ಅವನನ್ನೇ ಬೈದುಕೊಳ್ಳುತ್ತಿದ್ದೆ.

ಅವನ ರೀಲಿಗೆ ಒಟ್ಟು 34 ಕ್ಲಿಪ್ ಆಯ್ತು, ಮೂರೂಮುಕ್ಕಾಲು ನಿಮಿಷ. ಅವನ ತಲೆಯ ಮೇಲೊಂದು ಸಣ್ಣ ಬಾಣದ ಗುರುತು ಹಾಕಿಕೊಟ್ಟೆ, ಇಲ್ಲಾಂದ್ರೆ ನೋಡೋರ ಕಣ್ಣು ಚೆಂಡಿನ ಹಿಂದೆ ಹೋಗುತ್ತೆ. ಎರಡು ಗಂಟೆ ರಾತ್ರಿಗೆ ಅವನ ಫೋನಿಗೆ ಕಳಿಸಿದೆ. ಹೋಗುವಾಗ ಅವನು ನೆಲದಿಂದ ಎದ್ದೇಳೋಕೆ ಒದ್ದಾಡಿದ, ಕೈ ಕೊಟ್ಟೆ. ಅವನ ಭಾರಕ್ಕೆ ನಾನೇ ಕುರ್ಚಿಯಿಂದ ಅರ್ಧ ಜಾರಿದೆ.